ಕುದುರೆಮುಖದ ತಪ್ಪಲಿನಲ್ಲೊಂದು ಫುಟ್ಬಾಲ್ ತಂಡ: ಅದು ಯಾರದಾಗಿರಬೇಕು?

ಮಲೆನಾಡಿನಲ್ಲಿ ಸಮತಟ್ಟಾದ ನೆಲವೆಂಬುದು ಬಲು ದುರ್ಲಭವಾದ ವಸ್ತು. ಕುದುರೆಮುಖದಿಂದ ಸಂಸೆ, ಕಳಸ, ಹೊರನಾಡಿನವರೆಗೆ, ಅತ್ತ ಕೊಟ್ಟಿಗೆಹಾರ, ಬಣಕಲ್, ಮೂಡಿಗೆರೆಯವರೆಗೆ ಎಲ್ಲಿ ನೋಡಿದರೂ ಇಳಿಜಾರಿನಲ್ಲಿ ಕಾಫಿ, ಕಣಿವೆಯಲ್ಲಿ ಅಡಿಕೆ ಮತ್ತು ಗದ್ದೆ, ಅದರಾಚೆಗೆ ಕಾಡು ಮತ್ತು ಹುಲ್ಲುಗಾವಲು. ನೂರು ಮೀಟರ್ ಉದ್ದ, ಅರವತ್ತು ಮೀಟರ್ ಅಗಲದ ಚಪ್ಪಟೆ ನೆಲ ಎಲ್ಲಾದರೂ ಸಿಕ್ಕಿದರೆ ಅದು ಶಾಲೆಯ ಮೈದಾನವಾಗಿರುತ್ತದೆ, ಇಲ್ಲವೇ ಯಾವುದೋ ತೋಟದ ಕಾಫಿ ಕಣವಾಗಿರುತ್ತದೆ. ಇಂಥ ಕಡೆ ಭಾನುವಾರದ ಫುಟ್ಬಾಲ್ ತಂಡವೊಂದನ್ನು ಕಟ್ಟಬೇಕೆಂದು ಯುವಕರು ಹೊರಟರೆ ಹಿರಿಯರ ಬಾಯಿಂದ ಬರುವ ಮೊದಲ ಪ್ರಶ್ನೆ ‘ಆಡುವುದೆಲ್ಲಿ?’ ಎಂಬುದು. ಅದರ ಬೆನ್ನಿಗೇ ‘ಇದರಿಂದ ಏನು ಲಾಭ?’ ಎಂಬ ಪ್ರಶ್ನೆಯೂ ಬರುತ್ತದೆ. ಆದರೆ ಆ ತಂಡ ಯಾರದು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಉತ್ತರ ಎಲ್ಲರಿಗೂ ಗೊತ್ತೇ ಇದೆ ಎಂಬ ಭಾವನೆಯೇ ಇದಕ್ಕೆ ಕಾರಣ. ಉಳಿದೆರಡು ಪ್ರಶ್ನೆಗಳಿಗಿಂತ ಇದೇ ಮುಖ್ಯವಾದುದು ಎಂಬುದು ನಮ್ಮ ಅಭಿಪ್ರಾಯ.

ಲಾಭದ ಪ್ರಶ್ನೆಗೆ ಹೆಚ್ಚು ಮಾತು ಬೇಕಾಗಿಲ್ಲ. ದೇಹಬಲವನ್ನು ಮತ್ತು ಆರೋಗ್ಯಕರ ವಿನೋದವನ್ನು ಇಸ್ಲಾಮ್ ಎಂದೂ ಹೀನವಾಗಿ ಕಂಡಿಲ್ಲ. ಪ್ರವಾದಿ(ಸ)ರು ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದರು. ಮದೀನಾದಲ್ಲಿ ಕುದುರೆ ಓಟಕ್ಕೆ ಆರಂಭದ ಸ್ಥಳವನ್ನೂ ಗುರಿಯನ್ನೂ ಗೊತ್ತುಪಡಿಸಿದ್ದರು. ಹಬ್ಬದ ದಿನ ಅಬಿಸೀನಿಯದವರು ಮಸೀದಿಯಲ್ಲೇ ಈಟಿಯಾಟ ಪ್ರದರ್ಶಿಸಿದಾಗ ತಡೆಯಲಿಲ್ಲ, ಪತ್ನಿಗೆ ಅದನ್ನು ಮನಸಾರೆ ನೋಡಲು ಬಿಟ್ಟರು. ಇವು ನಮ್ಮ ಮದ್ರಸದ ಮಕ್ಕಳಿಗೂ ತಿಳಿದಿರುವ ವಿಚಾರಗಳು. ಆಟ ಬೇಕೇ ಬೇಡವೇ ಎಂಬ ಚರ್ಚೆಯನ್ನು ಮತ್ತೆ ಮತ್ತೆ ಎತ್ತುವುದು ಕಾಲಹರಣ.

ಈ ಬೆಟ್ಟಗಳಲ್ಲಿ ಉಳಿದುಕೊಂಡಿರುವ ಯುವಕರು ಯಾರೆಂಬುದನ್ನು ಒಮ್ಮೆ ನೋಡೋಣ. ಓದಿದವರು ಮಂಗಳೂರಿಗೋ ಬೆಂಗಳೂರಿಗೋ ಹೋಗಿದ್ದಾರೆ, ಒಂದಷ್ಟು ಮಂದಿ ಗಲ್ಫ್ ಸೇರಿದ್ದಾರೆ. ಊರಲ್ಲಿರುವವರು ಪಿಕಪ್ ಓಡಿಸುವವರು, ಗ್ಯಾರೇಜಿನವರು, ಮೀನು–ಕೋಳಿ ಅಂಗಡಿಯ ಹುಡುಗರು, ಕಾಫಿ–ಕಾಳುಮೆಣಸು ಖರೀದಿಯ ಮಂಡಿಯಲ್ಲಿ ಚೀಲ ಹೊರುವವರು, ಪಿಯುಸಿಗೆ ಬಸ್ಸು ಹಿಡಿಯುವವರು. ವಾರವಿಡೀ ದುಡಿದ ಇವರ ಭಾನುವಾರದ ಸಂಜೆ ಎಲ್ಲಿ ಕಳೆಯುತ್ತದೆ? ಸೇತುವೆಯ ಕಟ್ಟೆಯ ಮೇಲೆ ಐದು ಮಂದಿ ಸಾಲಾಗಿ ಕುಳಿತಿರುತ್ತಾರೆ, ಐದು ಮಂದಿಯ ಕಣ್ಣೂ ತಮ್ಮ ತಮ್ಮ ಫೋನಿನಲ್ಲಿರುತ್ತದೆ. ಆಟದ ಹೆಸರಲ್ಲಿ ಹಣ ಕಟ್ಟಿಸಿಕೊಳ್ಳುವ ಆ್ಯಪ್‌ಗಳು ಅದೆಷ್ಟು ಮನೆಗಳ ಉಳಿತಾಯವನ್ನು ನುಂಗಿದವೆಂಬುದು ತಾಯಂದಿರಿಗೆ ಚೆನ್ನಾಗಿ ಗೊತ್ತು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿತು. ಕಾನೂನು ಒಂದು ಬಾಗಿಲನ್ನು ಮುಚ್ಚಬಲ್ಲುದು. ಖಾಲಿಯಾದ ಆ ಸಂಜೆಯನ್ನು ತುಂಬುವ ಕೆಲಸ ಊರಿನದೇ.

ಕುದುರೆಮುಖಕ್ಕೆ ಈ ವಿಷಯದಲ್ಲಿ ಒಂದು ವಿಶಿಷ್ಟ ಇತಿಹಾಸವಿದೆ. 1976ರಲ್ಲಿ ಕಬ್ಬಿಣದ ಅದಿರಿನ ಕಂಪೆನಿ ಸ್ಥಾಪನೆಯಾದಾಗ ಇರಾನಿಗೆ ಅದಿರು ಪೂರೈಸುವುದು ಉದ್ದೇಶವಾಗಿತ್ತು. 1979ರ ಕ್ರಾಂತಿಯ ಬಳಿಕ ಇರಾನ್ ಹಿಂದೆ ಸರಿಯಿತು, ಆದರೂ ಗಣಿ ನಡೆಯಿತು. ಅದಿರಿನ ರಾಡಿಯನ್ನು ಕೊಳವೆಯ ಮೂಲಕ ಘಾಟಿ ಇಳಿಸಿ ಮಂಗಳೂರಿನ ಬಂದರಿಗೆ ಸಾಗಿಸುತ್ತಿದ್ದ ಆ ಕಾಲದಲ್ಲಿ ಭದ್ರೆಯ ಮಗ್ಗುಲಲ್ಲಿ ಒಂದು ಇಡೀ ಊರೇ ಎದ್ದು ನಿಂತಿತ್ತು. ಶಾಲೆ, ಆಸ್ಪತ್ರೆ, ವಸತಿಗೃಹ, ಆಟದ ಮೈದಾನ ಎಲ್ಲವೂ ಅಲ್ಲಿದ್ದವು. ಕನ್ನಡ, ತುಳು, ತಮಿಳು, ಮಲಯಾಳಮ್, ತೆಲುಗು, ಹಿಂದಿ ಮಾತಾಡುವ ಮನೆಗಳು ಒಂದೇ ಬೀದಿಯಲ್ಲಿದ್ದವು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡಿನ ದೃಷ್ಟಿಯಿಂದ ಅದು ಸರಿಯಾದ ತೀರ್ಪೇ. ಮೂರು ನದಿಗಳ ಮೂಲವಿರುವ ಬೆಟ್ಟವನ್ನು ಎಷ್ಟು ದಿನ ಕೊರೆಯಲಾದೀತು? ಆದರೆ ಆ ಊರು ಖಾಲಿಯಾದಾಗ ಬೇರೆ ಬೇರೆ ಜನರ ಮಕ್ಕಳು ಸಂಜೆ ಒಂದೇ ಚೆಂಡಿನ ಹಿಂದೆ ಓಡುವ ಅಭ್ಯಾಸವೂ ಅದರೊಂದಿಗೆ ಹೋಯಿತು. ಸುತ್ತಲಿನ ಪೇಟೆಗಳಲ್ಲಿ ಆ ಅಭ್ಯಾಸಕ್ಕೆ ಬದಲಿ ಹುಟ್ಟಲಿಲ್ಲ. ಶಾಲೆಗಳು ಬೇರೆಯಾದವು, ಟ್ಯೂಷನ್ ಬೇರೆಯಾಯಿತು, ಗಣೇಶೋತ್ಸವದ ಯುವಕ ಮಂಡಲ ಒಂದು ಕಡೆ, ಮೀಲಾದ್ ಸಮಿತಿ ಇನ್ನೊಂದು ಕಡೆ, ಚರ್ಚಿನ ಯುವ ಸಂಘ ಮತ್ತೊಂದು ಕಡೆ. ಪ್ರತಿಯೊಂದೂ ತನ್ನ ಮಟ್ಟಿಗೆ ಒಳ್ಳೆಯದೇ. ಆದರೆ ಇಪ್ಪತ್ತು ವರ್ಷದ ಮೂವರು ಹುಡುಗರು ಒಂದೇ ಪೇಟೆಯಲ್ಲಿ ಬೆಳೆದು ಒಬ್ಬರ ಹೆಸರನ್ನೊಬ್ಬರು ಅರಿಯದಿರುವುದು ಈಗ ಸಾಮಾನ್ಯವಾಗಿದೆ.

ಈ ಹಿನ್ನೆಲೆಯಲ್ಲಿ ನಮ್ಮ ಜಮಾಅತ್‌ನ ಯುವಕರು ಫುಟ್ಬಾಲ್ ತಂಡ ಕಟ್ಟುತ್ತಾರೆಂದಾಗ ಅದಕ್ಕೆ ಜಮಾಅತ್‌ನದೇ ಹೆಸರಿಟ್ಟು, ಜಮಾಅತ್‌ನ ಹುಡುಗರನ್ನಷ್ಟೇ ಸೇರಿಸಿಕೊಂಡು, ಹಸಿರು ಜೆರ್ಸಿ ಹೊಲಿಸುವುದು ಎಲ್ಲಕ್ಕಿಂತ ಸುಲಭದ ದಾರಿ. ಹಣವೂ ಬೇಗ ಒಟ್ಟಾಗುತ್ತದೆ. ಗಲ್ಫಿನಲ್ಲಿರುವ ಅಣ್ಣಂದಿರು ಜೆರ್ಸಿಗೆಂದು ಕಳಿಸಿಬಿಡುತ್ತಾರೆ. ಈ ಸುಲಭದ ದಾರಿ ಬೇಡವೆಂದು ನಾವು ಹೇಳುತ್ತೇವೆ. ಹಾಗೆ ಹೇಳಲು ಇತಿಹಾಸದ ಅರಿವಿಲ್ಲದಿರುವುದು ಕಾರಣವಲ್ಲ.

ಕರ್ನಾಟಕದ ಮುಸ್ಲಿಮರಿಗೆ ಫುಟ್ಬಾಲ್ ನಿನ್ನೆ ಮೊನ್ನೆ ಟಿವಿಯಲ್ಲಿ ಕಂಡ ಆಟವಲ್ಲ. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾದಂದಿನಿಂದ ಬ್ರಿಟಿಷ್ ಸೇನಾ ತಂಡಗಳ ಸೊತ್ತೇ ಆಗಿತ್ತು. 1937ರಲ್ಲಿ ಅದನ್ನು ಅವರ ಕೈಯಿಂದ ಬಿಡಿಸಿದ್ದು ‘ಬೆಂಗಳೂರು ಮುಸ್ಲಿಮ್ಸ್’ ಎಂಬ ತಂಡ. ಫೈನಲ್‌ನಲ್ಲಿ ಅದು ಸೋಲಿಸಿದ್ದು ಕಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. ಆ ಹೊತ್ತಿಗೆ 1934ರಿಂದ ಸಾಲಾಗಿ ಕಲ್ಕತ್ತ ಲೀಗ್ ಗೆಲ್ಲುತ್ತ ಬಂದಿದ್ದ ಆ ತಂಡದ ಹೆಸರು ದೇಶದ ಮೂಲೆಮೂಲೆಗೂ ತಲುಪಿತ್ತು. ಮರುವರ್ಷವೂ ರೋವರ್ಸ್ ಕಪ್ ಬೆಂಗಳೂರಿಗೇ ಬಂದಿತು, 1948ರಲ್ಲಿ ಮತ್ತೊಮ್ಮೆ. 1940ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವು ದೆಹಲಿಯಲ್ಲಿ ಬ್ರಿಟಿಷ್ ಸೇನಾ ತಂಡವನ್ನು ಮಣಿಸಿ ಡ್ಯುರಾಂಡ್ ಕಪ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡವಾಯಿತು. ಅಂದಿನ ಕಾಲವೇ ಹಾಗಿತ್ತು. ಮುಂಬಯಿಯಲ್ಲಿ ಕ್ರಿಕೆಟ್ ಕೂಡ ಹಿಂದೂ, ಪಾರ್ಸಿ, ಮುಸ್ಲಿಮ್, ಯುರೋಪಿಯನ್ ಎಂಬ ತಂಡಗಳ ನಡುವೆ ನಡೆಯುತ್ತಿತ್ತು. ಆಳುವವರ ಕ್ಲಬ್ಬುಗಳ ಬಾಗಿಲು ಮುಚ್ಚಿದ್ದಾಗ ಸಮುದಾಯದ ಕ್ಲಬ್ಬು ಒಂದು ಆಶ್ರಯವಾಗಿತ್ತು. ಆ ಆಟಗಾರರ ಬಗ್ಗೆ ನಮಗೆ ಗೌರವವೇ ಇದೆ.

ಆದರೆ ಅದೇ ಬೆಂಗಳೂರಿನ ತಂಡದಿಂದ ಬಂದ ಅಹ್ಮದ್ ಖಾನ್‌ರ ಮುಂದಿನ ಕಥೆಯನ್ನೂ ನೋಡಬೇಕು. ಅವರು ಕಲ್ಕತ್ತದ ಈಸ್ಟ್ ಬೆಂಗಾಲ್ ತಂಡ ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಮತ್ತು ಅಹ್ಮದ್ ಖಾನ್ ಎಂಬ ಐವರು ಮುಂಚೂಣಿಯಲ್ಲಿದ್ದರು. ಕಲ್ಕತ್ತದ ಜನ ಈ ಐವರನ್ನು ‘ಪಂಚಪಾಂಡವರು’ ಎಂದೇ ಕರೆದರು. ಇಬ್ಬರು ಮುಸ್ಲಿಮರಿದ್ದ ಐವರಿಗೆ ಮಹಾಭಾರತದ ಹೆಸರು! ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. 1949ರಿಂದ 1951ರವರೆಗೆ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಅವರದಾಯಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುತೇಕ ಬರಿಗಾಲಲ್ಲೇ ಆಡಿ ಫ್ರಾನ್ಸ್‌ಗೆ 1–2ರಿಂದ ಸೋತ ಭಾರತ ತಂಡದಲ್ಲಿ ಅಹ್ಮದ್ ಖಾನ್ ಇದ್ದರು. ಆ ಏಕೈಕ ಗೋಲು ಹೊಡೆದವರು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್. ನಾಯಕರಾಗಿದ್ದವರು ನಾಗಾ ಬೆಟ್ಟಗಳ ವೈದ್ಯ ತಾಲಿಮೆರೆನ್ ಆವ್. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತಕ್ಕೆ ಚಿನ್ನ ತಂದುಕೊಟ್ಟ ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ಹೈದರಾಬಾದಿನ ಶಾಲಾ ಶಿಕ್ಷಕರಾಗಿದ್ದವರು. ಅವರ ಕೈಯಲ್ಲಿ ಪಳಗಿದವರ ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಇಡೀ ಭಾರತದ ಹಾಜರಿ ಪಟ್ಟಿ ಓದಿದಂತಾಗುತ್ತದೆ.

ಕಳಸದಲ್ಲೋ ಕುದುರೆಮುಖದಲ್ಲೋ ಕಟ್ಟುವ ತಂಡಕ್ಕೆ ಒಲಿಂಪಿಕ್ಸಿನ ಕನಸು ಬೇಡ. ಆದರೆ ಹಾಜರಿ ಪಟ್ಟಿ ಹೇಗಿರಬೇಕೆಂಬುದನ್ನು ಅಲ್ಲಿಂದ ಕಲಿಯಬಹುದು. ನಮ್ಮ ಸುತ್ತಮುತ್ತ ಫುಟ್ಬಾಲ್ ಬಲ್ಲವರು ಯಾರಿದ್ದಾರೆ? ನಮ್ಮ ಹುಡುಗರ ಕೈಗೆ ಮೊದಲು ಬಂದದ್ದು ಕ್ರಿಕೆಟ್ ಬ್ಯಾಟು; ಫುಟ್ಬಾಲನ್ನು ಅವರು ಕಲಿತದ್ದು ಹೆಚ್ಚಾಗಿ ಟಿವಿಯಿಂದ. ಮಲಬಾರಿನಿಂದ ಬಂದು ನೆಲೆಸಿದ ಕುಟುಂಬಗಳಲ್ಲಿ ಈ ಆಟ ರಕ್ತದಲ್ಲೇ ಇದೆ. ಮಲಪ್ಪುರಮ್ ಕಡೆ ಕೊಯ್ಲಾದ ಗದ್ದೆಯಲ್ಲಿ ಏಳೇಳು ಮಂದಿ ಆಡುವ ‘ಸೆವೆನ್ಸ್’ ಎಂಬ ಪದ್ಧತಿಯೇ ಬೆಳೆದಿದೆ. ಸಣ್ಣ ನೆಲಕ್ಕೆ ಅದಕ್ಕಿಂತ ತಕ್ಕ ಆಟವಿಲ್ಲ. ಇವರಲ್ಲದೆ ಇನ್ನೊಂದು ಗುಂಪಿದೆ, ಅದನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ: ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಕಾಫಿ ತೋಟಗಳಿಗೆ ಬಂದಿರುವ ಕಾರ್ಮಿಕರು. ಗುವಾಹಟಿಯ ಬೊರ್ದೊಲೊಯ್ ಟ್ರೋಫಿ 1950ರ ದಶಕದಿಂದ ನಡೆದು ಬಂದ ಪಂದ್ಯಾವಳಿ. ಅಸ್ಸಾಮಿನ ಹಳ್ಳಿಯ ಹುಡುಗನಿಗೆ ಫುಟ್ಬಾಲ್ ಎಂದರೆ ಗದ್ದೆಯಲ್ಲಿ ಮಳೆ ನೆನೆಯುತ್ತ ಆಡಿದ ಆಟ. ಅಂಥವನು ಇಲ್ಲಿ ಲೈನ್ ಮನೆಯ ಮುಂದೆ ಸಂಜೆ ಸುಮ್ಮನೆ ಕುಳಿತಿರುತ್ತಾನೆ.

ಅವರಲ್ಲಿ ಅನೇಕರು ಮುಸ್ಲಿಮರು. ಜುಮಾದಂದು ಮಸೀದಿಗೆ ಬರುತ್ತಾರೆ, ಕೊನೆಯ ಸಾಲಿನಲ್ಲಿ ನಿಲ್ಲುತ್ತಾರೆ, ಸಲಾಂ ಹೇಳಿದ ಕೂಡಲೇ ಚಪ್ಪಲಿ ಹುಡುಕಿಕೊಂಡು ಹೊರಟುಬಿಡುತ್ತಾರೆ. ಅವರ ಹೆಸರೇನು, ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುವವರು ವಿರಳ. ತೋಟದ ರೈಟರಿಗೆ ಅವರು ಒಂದು ಆಧಾರ್ ನಕಲು, ಅಂಗಡಿಯವನಿಗೆ ಒಂದು ಸಾಲದ ಲೆಕ್ಕ, ದಾರಿಹೋಕರಿಗೆ ‘ಬಾಂಗ್ಲಾದವನಿರಬಹುದು’ ಎಂಬ ಅನುಮಾನ. ಬೇರೆಯವರು ಅನುಮಾನಿಸುತ್ತಾರೆಂದು ದೂರುವ ಮೊದಲು ಅವರೊಡನೆ ಒಂದೂವರೆ ಗಂಟೆ ಕಳೆಯುವ ಅವಕಾಶವನ್ನು ಸೃಷ್ಟಿಸುವುದು ನಮ್ಮಿಂದ ಆಗುವ ಕೆಲಸ. ಭಾಷಣಕ್ಕಿಂತ ಚೆಂಡು ಇಲ್ಲಿ ಹೆಚ್ಚು ಉಪಯುಕ್ತ, ಏಕೆಂದರೆ ಅದಕ್ಕೆ ಕನ್ನಡ ಬರಬೇಕಾಗಿಲ್ಲ. ಗೋಲಿನ ಎದುರು ಪಾಸ್ ಸಿಕ್ಕಿದವನು ಹಿಂತಿರುಗಿ ಕೈ ಎತ್ತಿದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಆರು ವಾರ ಜೊತೆಗೆ ಆಡಿದ ಮೇಲೆ ಅವನ ಹೆಸರು ಪೇಟೆಯಲ್ಲಿ ಹತ್ತು ಮಂದಿಗೆ ಗೊತ್ತಿರುತ್ತದೆ. ಪರಊರಿನಲ್ಲಿ ದುಡಿಯುವವನಿಗೆ ಅದು ಸಣ್ಣ ಸಂಗತಿಯಲ್ಲ. ಕೊಲ್ಲಿ ದೇಶಗಳಲ್ಲಿ ದುಡಿದು ಬಂದ ನಮ್ಮ ಕುಟುಂಬಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ತಂಡದಲ್ಲಿ ಮುಸ್ಲಿಮರು ಮಾತ್ರ ಇದ್ದರೆ ಆಯಿತೇ? ಅದೂ ಆಗದು. ಅದೇ ಲೈನ್ ಮನೆಯ ತಮಿಳು ಹುಡುಗ, ಎದುರು ಬೀದಿಯ ಗೌಡರ ಮಗ, ಗಿರಿಜನ ಹಾಡಿಯ ಓಟಗಾರ, ಚರ್ಚಿನ ಪಕ್ಕದ ಮನೆಯವನು ಎಲ್ಲರೂ ಇರಬೇಕು. ಇದು ಸೌಹಾರ್ದ ಸಮಾವೇಶದ ವೇದಿಕೆಯಲ್ಲಿ ಕೈ ಹಿಡಿದು ಮೇಲೆತ್ತಿ ಚಿತ್ರ ತೆಗೆಸಿಕೊಳ್ಳುವ ವಿಚಾರವಲ್ಲ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಬದುಕುವ ನಮಗೆ, ವರ್ಷದ ಕೆಲವು ದಿನಗಳಲ್ಲಿ ಗಾಳಿಯೇ ಬಿಗಿಯಾಗುವುದು ಹೇಗಿರುತ್ತದೆಂದು ತಿಳಿದಿದೆ. ಯಾರೋ ಯಾರಿಗೋ ಹೊಡೆದರಂತೆ ಎಂಬ ಸಂದೇಶ ರಾತ್ರಿ ಹತ್ತು ಗಂಟೆಗೆ ವಾಟ್ಸಾಪಿನಲ್ಲಿ ಬರುತ್ತದೆ. ಆ ಹೊತ್ತಿನಲ್ಲಿ ‘ಏನಯ್ಯಾ, ನಿಮ್ಮ ಬೀದಿಯಲ್ಲಿ ನಿಜಕ್ಕೂ ಏನಾಯಿತು?’ ಎಂದು ಕೇಳಲು ಆಚೆ ಬೀದಿಯವನ ಫೋನ್ ನಂಬರು ನಮ್ಮ ಹುಡುಗನಲ್ಲಿದೆಯೇ? ಅವನಲ್ಲಿ ನಮ್ಮ ಹುಡುಗನ ನಂಬರು ಇದೆಯೇ? ಶಾಂತಿ ಸಭೆಯಲ್ಲಿ ಹಿರಿಯರ ನಂಬರುಗಳು ವಿನಿಮಯವಾಗಿರುತ್ತವೆ. ಆದರೆ ಹತ್ತು ಗಂಟೆಗೆ ಬೈಕು ಹತ್ತಿ ಹೊರಡುವವರು ಹಿರಿಯರಲ್ಲ. ಭಾನುವಾರದ ತಂಡ ಇನ್ನೇನನ್ನೂ ಕೊಡದಿದ್ದರೂ ಹದಿನೈದು ನಂಬರುಗಳನ್ನು ಕೊಡುತ್ತದೆ. ‘ನಾಳೆ ಮೂರೂವರೆಗೆ ಬಾ, ಗೋಲಿ ಇಲ್ಲ’ ಎಂದು ವಾರವಾರ ಬಳಸಿದ ನಂಬರುಗಳಾದ್ದರಿಂದ ಅಂಥ ರಾತ್ರಿ ಒತ್ತಲು ಹಿಂಜರಿಕೆಯಾಗದು.

ಬುಖಾರಿಯಲ್ಲಿ ದಾಖಲಾದ ಒಂದು ಘಟನೆ ಇಲ್ಲಿ ನೆನಪಾಗುತ್ತದೆ. ಅಸ್ಲಮ್ ಗೋತ್ರದ ಜನ ಎರಡು ಪಕ್ಷಗಳಾಗಿ ಬಿಲ್ವಿದ್ಯೆಯ ಸ್ಪರ್ಧೆಯಲ್ಲಿ ತೊಡಗಿದ್ದರು. ಪ್ರವಾದಿ(ಸ)ರು ಆ ದಾರಿಯಾಗಿ ಬಂದು ಅವರನ್ನು ಹುರಿದುಂಬಿಸಿ, ತಾನು ಇಂಥ ಪಕ್ಷದ ಕಡೆಗಿದ್ದೇನೆಂದರು. ಒಡನೆಯೇ ಎದುರು ಪಕ್ಷದವರು ಬಾಣ ಬಿಡುವುದನ್ನು ನಿಲ್ಲಿಸಿದರು. ಪ್ರವಾದಿಯವರೇ ಆ ಕಡೆಗಿರುವಾಗ ತಾವು ಹೇಗೆ ಆಡುವುದೆಂಬುದು ಅವರ ಸಂಕಟ. ಆಗ ಪ್ರವಾದಿ(ಸ)ರು ತಾನು ಎಲ್ಲರ ಕಡೆಗೂ ಇರುವೆನೆಂದು ಹೇಳಿ ಆಟವನ್ನು ಮುಂದುವರಿಸಿದರು. ಈ ಘಟನೆಯನ್ನು ಸಾಮಾನ್ಯವಾಗಿ ಬಿಲ್ವಿದ್ಯೆಯ ಮಹತ್ವಕ್ಕೆ ಉದಾಹರಿಸುತ್ತಾರೆ. ನಮಗೆ ಅದರಲ್ಲಿ ಇನ್ನೊಂದು ವಿಷಯ ಕಾಣುತ್ತದೆ: ಗೌರವಾನ್ವಿತ ವ್ಯಕ್ತಿ ಒಂದೇ ಪಕ್ಷದವರಾದರೆ ಆಟವೇ ನಿಂತುಹೋಗುತ್ತದೆ. ಮಸೀದಿಯ ಅಧ್ಯಕ್ಷರು, ಖತೀಬರು ಮೈದಾನದ ಬದಿಗೆ ಬಂದು ನಿಲ್ಲುವುದಾದರೆ ಎರಡೂ ಕಡೆಯ ಹುಡುಗರ ಬೆನ್ನು ತಟ್ಟಲಿ.

ಇದಕ್ಕೆ ಬರುವ ಆಕ್ಷೇಪವೂ ಗೊತ್ತಿದೆ. ಎಲ್ಲರೂ ಸೇರಿದರೆ ನಮ್ಮ ಮಕ್ಕಳ ನಮಾಝ್ ಹೋಗುತ್ತದೆ, ಶಿಸ್ತು ಹೋಗುತ್ತದೆ ಎಂಬ ಆತಂಕ ತಂದೆ–ತಾಯಂದಿರದು. ಆತಂಕ ಸಹಜ, ಆದರೆ ಗಡಿಯಾರ ನೋಡಿದರೆ ಪರಿಹಾರ ಅಲ್ಲೇ ಇದೆ. ನಮ್ಮ ಭಾಗದ ಹೆಚ್ಚಿನ ಮಸೀದಿಗಳಲ್ಲಿ ಶಾಫಿಈ ಪದ್ಧತಿಯಂತೆ ಅಸರ್ ಬೇಗ ಆಗುತ್ತದೆ. ಅಸರ್‌ನಿಂದ ಮಗ್ರಿಬ್‌ವರೆಗೆ ಎರಡು ಗಂಟೆಗೂ ಮಿಕ್ಕಿದ ಸಮಯವಿರುತ್ತದೆ. ನಲವತ್ತೈದು ನಿಮಿಷಗಳ ಎರಡು ಅವಧಿ, ನಡುವೆ ಹದಿನೈದು ನಿಮಿಷ ವಿರಾಮ ಎಂದರೆ ಪೂರ್ಣ ಪಂದ್ಯಕ್ಕೆ ಎರಡು ಗಂಟೆಯೊಳಗೇ ಮುಕ್ತಾಯ. ಹನಫೀ ಮಸೀದಿಯ ಹತ್ತಿರದವರು ಅವಧಿಯನ್ನು ಮೂವತ್ತು ನಿಮಿಷಕ್ಕೆ ಇಳಿಸಿಕೊಂಡರಾಯಿತು. ಕತ್ತಲಿಗೆ ಮುಂಚೆ ಮನೆ ಸೇರಬೇಕಾದ ಅವಸರ ಇಲ್ಲಿ ಎಲ್ಲ ಧರ್ಮದವರಿಗೂ ಒಂದೇ. ಮೂಡಿಗೆರೆ ಕಡೆ ಆನೆ, ಕಳಸ–ಕುದುರೆಮುಖದ ಕಡೆ ಕಾಟಿ, ಯಾರ ಜಾತಿಯನ್ನೂ ಕೇಳುವುದಿಲ್ಲ. ಮೊಣಕಾಲು ಮುಚ್ಚುವ ಚಡ್ಡಿ ಹೊಲಿಸಿಕೊಂಡರೆ ಉಡುಪಿನ ಪ್ರಶ್ನೆಯೂ ಮುಗಿಯಿತು. ಅದಕ್ಕಾಗಿ ತಂಡವನ್ನೇ ಬೇರೆ ಮಾಡಬೇಕಾಗಿಲ್ಲ.

ಈಗಿನ ವರ್ಷಗಳಲ್ಲಿ ರಮಝಾನ್ ಫೆಬ್ರವರಿ–ಮಾರ್ಚ್‌ನಲ್ಲಿ ಬರುತ್ತಿದೆ. ಗದ್ದೆ ಒಣಗಿರುವ, ಆಟಕ್ಕೆ ಹೇಳಿ ಮಾಡಿಸಿದಂಥ ತಿಂಗಳುಗಳವು. ಆ ತಿಂಗಳು ಪಂದ್ಯ ಬೇಡ. ಆಡಲೇಬೇಕೆನ್ನುವ ಇತರ ಗೆಳೆಯರು ಆಡಲಿ. ಉಪವಾಸವಿರುವವರು ಬದಿಯಲ್ಲಿ ನಿಂತು ರೆಫರಿ ಕೆಲಸ ಮಾಡಬಹುದು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 2021ರ ಏಪ್ರಿಲ್‌ನಲ್ಲಿ ಲೆಸ್ಟರ್ ಸಿಟಿ ಮತ್ತು ಕ್ರಿಸ್ಟಲ್ ಪ್ಯಾಲೆಸ್ ನಡುವಿನ ಪಂದ್ಯವನ್ನು ಸೂರ್ಯಾಸ್ತದ ಬಳಿಕ ಕೆಲ ಕ್ಷಣ ನಿಲ್ಲಿಸಿ ಇಬ್ಬರು ಆಟಗಾರರಿಗೆ ಉಪವಾಸ ಪಾರಣೆಗೆ ಅವಕಾಶ ಕೊಟ್ಟರು. ಎದುರಾಳಿ ನಾಯಕರೂ ರೆಫರಿಯೂ ಮೊದಲೇ ಮಾತಾಡಿಕೊಂಡಿದ್ದರಿಂದ ಅದು ಸಾಧ್ಯವಾಯಿತು. ಮೊದಲೇ ಮಾತಾಡಿಕೊಂಡರೆ ನಮ್ಮಲ್ಲೂ ಹಲವು ಸಂಗತಿಗಳು ಸುಲಭ.

ನಮಾಝ್‌ಗಿಂತ ನಮಗೆ ಹೆಚ್ಚಿನ ಭಯವಿರುವುದು ಟೂರ್ನಮೆಂಟಿನ ಬಗ್ಗೆ. ತಂಡ ಕಟ್ಟಿದ ಮೂರನೆಯ ತಿಂಗಳಿಗೆ ಯಾರಾದರೊಬ್ಬರು ‘ಒಂದು ಓಪನ್ ಟೂರ್ನಮೆಂಟ್ ಮಾಡೋಣ’ ಎನ್ನುತ್ತಾರೆ. ಫ್ಲೆಕ್ಸ್ ಏಳುತ್ತದೆ, ಧ್ವನಿವರ್ಧಕ ಬರುತ್ತದೆ, ಪ್ರಥಮ ಬಹುಮಾನ ಇಷ್ಟು ಸಾವಿರ ಎಂದು ಪ್ರಕಟವಾಗುತ್ತದೆ. ಗೆಲ್ಲುವ ಆಸೆಗೆ ಹೊರಗಿನಿಂದ ದುಡ್ಡು ಕೊಟ್ಟು ನಾಲ್ವರು ಆಟಗಾರರನ್ನು ಕರೆಸುತ್ತಾರೆ. ವಾರವಾರ ಬಂದು ಬೆವರು ಸುರಿಸಿದ ಗ್ಯಾರೇಜಿನ ಹುಡುಗ ಅಂದು ನೀರಿನ ಬಾಟಲಿ ಹಿಡಿದು ಹೊರಗೆ ನಿಂತಿರುತ್ತಾನೆ. ಮರುವಾರದಿಂದ ಅವನು ಬರುವುದಿಲ್ಲ. ಎರಡನೆಯ ತಿಂಗಳಿಗೆ ತಂಡವೇ ಇರುವುದಿಲ್ಲ, ಸಾಲ ಮಾತ್ರ ಇರುತ್ತದೆ. ಇದರಲ್ಲಿ ಧಾರ್ಮಿಕವಾದ ತೊಡಕೂ ಇದೆ. ಭಾಗವಹಿಸುವ ತಂಡಗಳಿಂದ ಪ್ರವೇಶ ಶುಲ್ಕ ಒಟ್ಟುಗೂಡಿಸಿ ಅದೇ ಹಣವನ್ನು ಗೆದ್ದವರಿಗೆ ಬಹುಮಾನವಾಗಿ ಕೊಡುವುದನ್ನು ಬಹುಪಾಲು ವಿದ್ವಾಂಸರು ಜೂಜಿನ ಸಾಲಿಗೇ ಸೇರಿಸುತ್ತಾರೆ, ಏಕೆಂದರೆ ಪ್ರತಿ ತಂಡವೂ ತನ್ನ ಹಣವನ್ನು ಪಣಕ್ಕಿಟ್ಟಂತಾಗುತ್ತದೆ. ಶುಲ್ಕವು ಮೈದಾನ, ನೀರು, ಚೆಂಡಿನ ಖರ್ಚಿಗೆ ಮಾತ್ರ ಹೋಗಿ, ಬಹುಮಾನವನ್ನು ಮೂರನೆಯವರು ತಮ್ಮ ಕೈಯಿಂದ ಕೊಟ್ಟರೆ ಆ ತೊಡಕಿಲ್ಲ. ಫೋನಿನ ಜೂಜಿನಿಂದ ಬಿಡಿಸಲೆಂದು ಕರೆತಂದ ಹುಡುಗನನ್ನು ಮೈದಾನದ ಜೂಜಿಗೆ ಕೂರಿಸುವುದು ಬೇಡ. ಮೊದಲ ಎರಡು ವರ್ಷ ಟೂರ್ನಮೆಂಟ್ ಎಂಬ ಪದವನ್ನೇ ಎತ್ತದಿರುವುದು ಕ್ಷೇಮ. ನೆರೆಯ ಊರಿನ ತಂಡದೊಂದಿಗೆ ಒಂದು ಪಂದ್ಯ, ನಂತರ ಒಟ್ಟಿಗೆ ಚಹಾ ಮತ್ತು ಗೋಳಿಬಜೆ ಸಾಕು.

ಕಟ್ಟುವ ಕೆಲಸಕ್ಕೆ ಬಂದರೆ, ಹದಿನಾಲ್ಕು ಮಂದಿ ಇದ್ದರೆ ಆರಂಭಿಸಬಹುದು. ಆಟದ ನಿಯಮದಂತೆ ಒಂದು ಕಡೆ ಏಳಕ್ಕಿಂತ ಕಡಿಮೆ ಮಂದಿಯಿದ್ದರೆ ಪಂದ್ಯ ಶುರುವಾಗುವಂತಿಲ್ಲ. ಕಾಕತಾಳೀಯವೆಂಬಂತೆ ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವೊಂದನ್ನು ನೋಂದಾಯಿಸಲೂ ಕನಿಷ್ಠ ಏಳು ಮಂದಿಯೇ ಬೇಕು. ಆದರೆ ನೋಂದಣಿಗೆ ಅವಸರವಿಲ್ಲ. ಒಂದು ವರ್ಷ ಆಡಿ ಉಳಿದವರು ಯಾರೆಂದು ಕಂಡ ಮೇಲೆ ಮಾಡಿದರೆ ಅಧ್ಯಕ್ಷ–ಕಾರ್ಯದರ್ಶಿ ಜಗಳ ಅರ್ಧ ತಪ್ಪುತ್ತದೆ. ಚೆಂಡು ಐದನೆಯ ಅಳತೆಯದು, 410ರಿಂದ 450 ಗ್ರಾಂ ತೂಗುವಂಥದ್ದು. ಎರಡು ಚೆಂಡು ಮತ್ತು ಗಾಳಿ ತುಂಬುವ ಒಂದು ಪಂಪು ಮೊದಲ ಖರೀದಿ. ಜೆರ್ಸಿ ಕೊನೆಗೆ. ಅಧಿಕೃತ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ; ಏಳು ಮಂದಿಯ ಆಟಕ್ಕೆ ಅದರ ಅರ್ಧಕ್ಕಿಂತ ತುಸು ಹೆಚ್ಚು ಅಗಲ ಸಾಕು. ಅಡಿಕೆ ಮರದ ಕಂಬ ನೆಟ್ಟು ಹಳೆಯ ಮೀನುಬಲೆ ಕಟ್ಟಿದರೆ ಆಯಿತು. ಶಾಲೆಯ ಮೈದಾನವಾದರೆ ಮುಖ್ಯೋಪಾಧ್ಯಾಯರಿಗೂ ಎಸ್‌ಡಿಎಂಸಿಗೂ ಲಿಖಿತ ಮನವಿ ಕೊಡಬೇಕು, ಆಟ ಮುಗಿದ ಮೇಲೆ ಪ್ಲಾಸ್ಟಿಕ್ ಹೆಕ್ಕಬೇಕು. ಕುದುರೆಮುಖದ ಹಳೆಯ ಟೌನ್‌ಶಿಪ್ಪಿನ ನೆಲ ಖಾಲಿ ಕಾಣುತ್ತದೆಂದು ಹೇಳದೆ ಕೇಳದೆ ನುಗ್ಗುವಂತಿಲ್ಲ. ಒಂದು ಕಡೆ ಕಂಪೆನಿ, ಇನ್ನೊಂದು ಕಡೆ ರಾಷ್ಟ್ರೀಯ ಉದ್ಯಾನದ ಗಡಿ. ಖಾಸಗಿ ಗದ್ದೆಯಾದರೆ ಕೊಯ್ಲಿನ ನಂತರ ಮೇ ತಿಂಗಳವರೆಗೆ ಸಿಕ್ಕೀತು.

ಹಣದ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು, ಇಬ್ಬರು ಬರೆದಿಡಬೇಕು. ಆ ಇಬ್ಬರು ಒಂದೇ ಮನೆಯವರೂ ಒಂದೇ ಸಮುದಾಯದವರೂ ಆಗಿರದಿದ್ದರೆ ಒಳ್ಳೆಯದು. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮೇತ ಬರೆದಿಡುವುದರ ಕುರಿತಾಗಿದೆ ಎಂಬುದನ್ನು ನಮ್ಮ ಸಂಘ–ಸಂಸ್ಥೆಗಳ ಖಜಾಂಚಿಗಳು ಆಗಾಗ ನೆನಪಿಸಿಕೊಳ್ಳಬೇಕು. ವಾರಕ್ಕೆ ಇಪ್ಪತ್ತು ರೂಪಾಯಿ ಚಂದಾ ಇಟ್ಟರೆ ತೋಟದ ಕೂಲಿಯ ಹುಡುಗನಿಗೂ ಹೊರೆಯಾಗದು, ಯಾರ ಹಂಗೂ ಬೇಕಾಗದು. ಒಬ್ಬ ಧನಿಕ ಎಲ್ಲವನ್ನೂ ಕೊಟ್ಟ ತಂಡದಲ್ಲಿ ಅವನ ಮಗನೇ ಸೆಂಟರ್ ಫಾರ್ವರ್ಡ್ ಆಗುತ್ತಾನೆ.

ಸೋಲಿನ ಬಗ್ಗೆಯೂ ಮೊದಲೇ ಮಾತಾಡಬೇಕು. ಹೊಸ ತಂಡ ಸೋಲುತ್ತದೆ, ಬಹಳ ಸಲ ಸೋಲುತ್ತದೆ. ಸೋತಾಗ ಬೈಗುಳ ಶುರುವಾಗುವುದು ರೆಫರಿಯಿಂದ, ನಂತರ ಅದು ಗೋಲಿಯ ಮೇಲೆ, ಕೊನೆಗೆ ಅವನ ಜಾತಿಯ ಮೇಲೆ ಬಂದು ನಿಲ್ಲುತ್ತದೆ. ಪ್ರವಾದಿ(ಸ)ರ ಅದ್ಬಾ ಎಂಬ ಹೆಣ್ಣೊಂಟೆಯನ್ನು ಓಟದಲ್ಲಿ ಯಾವ ಒಂಟೆಯೂ ಹಿಂದಿಕ್ಕಿರಲಿಲ್ಲ. ಒಮ್ಮೆ ಹಳ್ಳಿಗಾಡಿನ ಅರಬನೊಬ್ಬನ ಒಂಟೆ ಅದನ್ನು ಸೋಲಿಸಿತು. ಸಹಾಬಿಗಳಿಗೆ ತುಂಬಾ ಬೇಸರವಾಯಿತು. ಲೋಕದಲ್ಲಿ ಮೇಲೇರಿದ್ದನ್ನು ಅಲ್ಲಾಹನು ಕೆಳಗಿಳಿಸದೆ ಇರುವುದಿಲ್ಲ ಎಂಬರ್ಥದ ಮಾತಾಡಿ ಪ್ರವಾದಿ(ಸ)ರು ಅವರನ್ನು ಸಮಾಧಾನಪಡಿಸಿದರು. ಆ ಹಳ್ಳಿಗನನ್ನು ಯಾರೂ ನಿಂದಿಸಲಿಲ್ಲ. ತಂಡದ ನಿಯಮಗಳಲ್ಲಿ ಒಂದನ್ನು ಮಾತ್ರ ಬರೆಯಬೇಕಾದರೆ ನಾವು ಇದನ್ನು ಬರೆಯುತ್ತೇವೆ: ಯಾರದೇ ಜಾತಿ, ಧರ್ಮ, ಊರು, ತಾಯಿಯನ್ನು ಎಳೆದು ಬೈದವನು, ಎಷ್ಟೇ ಚೆನ್ನಾಗಿ ಆಡುವವನಾದರೂ, ಮುಂದಿನ ಎರಡು ಭಾನುವಾರ ಹೊರಗೆ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಹುಡುಗರಿಗೆ ಮೈದಾನ ಸಿಕ್ಕಿದ ಊರಲ್ಲಿ ಹುಡುಗಿಯರಿಗೆ ವಾರಕ್ಕೆ ಒಂದು ಗಂಟೆಯೂ ಸಿಗದಿರುವುದು ಸರಿಯಲ್ಲ. ತಲೆವಸ್ತ್ರದ ಕಾರಣಕ್ಕೆ 2011ರಲ್ಲಿ ಇರಾನಿನ ಮಹಿಳಾ ತಂಡ ಒಲಿಂಪಿಕ್ ಅರ್ಹತಾ ಪಂದ್ಯವನ್ನೇ ಕಳೆದುಕೊಂಡಿತ್ತು. 2014ರಲ್ಲಿ ಆ ನಿಯಮ ಬದಲಾಯಿತು. 2023ರ ಮಹಿಳಾ ವಿಶ್ವಕಪ್‌ನಲ್ಲಿ ಮೊರಾಕೊದ ನುಹೈಲಾ ಬೆನ್ಝೀನಾ ಹಿಜಾಬ್ ಧರಿಸಿಯೇ ಆಡಿದರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, ಶಿಕ್ಷಕಿಯೊಬ್ಬರ ಹೊಣೆಯಲ್ಲಿ, ಗೋಡೆಯಿರುವ ಶಾಲೆಯ ಅಂಗಳದಲ್ಲಿ ಅವರೂ ಆಡಲಿ. ಚೆಂಡನ್ನು ಹುಡುಗರು ಕೊಟ್ಟರಾಯಿತು, ಮೈದಾನವನ್ನು ಬಿಟ್ಟು ಕೊಟ್ಟರಾಯಿತು.

ಗಾಯವಾಗದೆ ಇರುವುದಿಲ್ಲ. ದೊಡ್ಡ ಆಸ್ಪತ್ರೆಗೆ ಒಂದೋ ಘಾಟಿ ಇಳಿಯಬೇಕು, ಇಲ್ಲವೇ ಚಿಕ್ಕಮಗಳೂರಿಗೆ ಹೋಗಬೇಕು. ಆದ್ದರಿಂದ ಪ್ರತಿ ಭಾನುವಾರ ಒಂದು ವಾಹನ, ಅದರ ಬೀಗದ ಕೈ ಇರುವ ಒಬ್ಬ ಮನುಷ್ಯ ಮೈದಾನದ ಬದಿಯಲ್ಲಿರಲಿ. ತಲೆಗೆ ಪೆಟ್ಟಾದವನು ‘ನನಗೇನೂ ಆಗಿಲ್ಲ’ ಎಂದರೂ ಆ ದಿನ ಮತ್ತೆ ಆಡಿಸಬಾರದು. ಸ್ನಾಯು ಉಳುಕಿದರೆ ಐಸು ಮತ್ತು ವಿಶ್ರಾಂತಿ ಬೇಕು, ತಿಕ್ಕುವುದು ಬೇಡ.

ನವೆಂಬರಿನಿಂದ ಅರೇಬಿಕಾ ಕೊಯ್ಲು, ಜನವರಿಯಿಂದ ರೊಬಸ್ಟಾ, ಅದರ ಬೆನ್ನಿಗೆ ಕಾಳುಮೆಣಸು. ಆ ತಿಂಗಳುಗಳಲ್ಲಿ ಕೆಲವು ಭಾನುವಾರ ಎಂಟೇ ಮಂದಿ ಬರುತ್ತಾರೆ. ಬಂದವರು ನಾಲ್ಕು–ನಾಲ್ಕಾಗಿ ಸಣ್ಣ ಗೋಲಿಟ್ಟು ಆಡಲಿ, ದಿನ ತಪ್ಪಿಸಬಾರದು. ಜೂನ್ ಬಂತೆಂದರೆ ಹೆಬ್ಬಾಳೆ ಸೇತುವೆ ಮುಳುಗಿ ಹೊರನಾಡಿನ ಕಡೆಯವರು ದಾಟಲಾರರು, ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಹುಲ್ಲಿನ ತುಂಬ ಉಂಬಳ. ಆಗ ಚೆಂಡಿನ ಗಾಳಿ ತುಸು ಇಳಿಸಿ ಒಲೆಯ ಮೇಲಿನ ಅಟ್ಟದಲ್ಲಿಟ್ಟು, ಲೆಕ್ಕದ ಪುಸ್ತಕ ಮುಗಿಸಿ, ಸೆಪ್ಟೆಂಬರ್ ಕೊನೆಯವರೆಗೆ ಕಾಯಬೇಕು. ಮಳೆ ಬಿಡುವ ಹೊತ್ತಿಗೆ ಹಳೆಯ ಗೋಲುಕಂಬಗಳು ಬುಡದಲ್ಲಿ ಕೊಳೆತಿರುತ್ತವೆ. ಹೊಸ ಅಡಿಕೆ ಮರ ನಾಲ್ಕಾದರೂ ಬೇಕಾಗುತ್ತದೆ. ಗಾಳಿಗೆ ಬಿದ್ದ ಮರಗಳನ್ನು ಕೊಡುವಿರಾ ಎಂದು ತೋಟದ ಯಜಮಾನರನ್ನು ಆಗಸ್ಟ್‌ನಲ್ಲೇ ಕೇಳಿಟ್ಟಿರಬೇಕು. ಕೇಳಲು ಹೋಗುವಾಗ ತಂಡದಿಂದ ಇಬ್ಬರು ಹೋಗಲಿ, ಒಬ್ಬ ಪೇಟೆಯವನು, ಒಬ್ಬ ಆ ತೋಟದ ಲೈನಿನವನು.